ಸಾಕು ಎಂದವಳ ಲೆಕ್ಕ

ಕಳೆದ ವರ್ಷ ಆಷಾಢದ ಒಂದು ಮಧ್ಯಾಹ್ನ. ಧಾರವಾಡದಲ್ಲಿ ಮಳೆ ಹಿಡಿದುಕೊಂಡರೆ ಬೇಗ ಬಿಡುವುದಿಲ್ಲ. ನಮ್ಮ ಮನೆಯ ಪಡಸಾಲೆಯಲ್ಲಿ ಹನ್ನೊಂದು ಜನ ಹೆಣ್ಣುಮಕ್ಕಳು ಕೌದಿ ಹೊಲಿಯುತ್ತ ಕೂತಿದ್ದೆವು. ಹಳೆಯ ಸೀರೆ, ಧೋತರ, ದರ್ಜಿಯ ಅಂಗಡಿಯಲ್ಲಿ ಉಳಿದ ಅರಿವೆಯ ತುಣುಕು, ಇವನ್ನೆಲ್ಲ ಪದರಪದರವಾಗಿ ಹಾಸಿ, ಸಣ್ಣ ಸಣ್ಣ ಹೊಲಿಗೆ ಹಾಕಿದರೆ ಕೌದಿ. ನಮ್ಮ ಕಡೆ ಅದಿಲ್ಲದ ಮನೆಯಿಲ್ಲ. ಆರು ವರ್ಷಗಳ ಹಿಂದೆ ನಾವು ನಾಲ್ವರು ಅದನ್ನು ಮಾರಲು ಹೊಲಿಯತೊಡಗಿದೆವು. ಕೂಸುಗಳನ್ನು ಮಲಗಿಸುವ ಈ ಹಳೆಯ ಹೊದಿಕೆಗೆ ಬೆಂಗಳೂರು, ಪುಣೆಗಳ ಜನ ದುಡ್ಡು ಕೊಟ್ಟಾರೆಂದು ಮೊದಲು ನಮಗೇ ನಂಬಿಕೆ ಇರಲಿಲ್ಲ. ಮಗಳು ಫೋಟೋ ತೆಗೆದು ಮೊಬೈಲಿನಲ್ಲಿ ಕಳಿಸಿದಳು. ಕೊಟ್ಟರು.

ಆ ಮಧ್ಯಾಹ್ನ ಅದೇ ಮೊಬೈಲಿಗೆ ಒಂದು ಸಂದೇಶ ಬಂತು. ಒಬ್ಬ ದೊಡ್ಡ ವ್ಯಾಪಾರಿಗೆ ಮೂರು ತಿಂಗಳಲ್ಲಿ ಮುನ್ನೂರು ಕೌದಿ ಬೇಕು. ಒಂದಕ್ಕೆ ನಾವು ಪಡೆಯುತ್ತಿದ್ದುದು 1,800 ರೂಪಾಯಿ. ಅವರು ಕೊಡುವುದು 1,100. "ಯಂತ್ರ ತರಿಸಿಕೊಳ್ಳಿ, ಕೈಯಲ್ಲಿ ಹೊಲಿದಂತೆಯೇ ಕಾಣುತ್ತದೆ. ಸಾಲದ ವ್ಯವಸ್ಥೆಗೆ ನಾವು ಸಹಾಯ ಮಾಡುತ್ತೇವೆ" ಎಂದೂ ಬರೆದಿದ್ದರು. ಒಬ್ಬಳು ಒಂದು ಕೌದಿ ಮುಗಿಸಲು, ಅಡಿಗೆ, ನೀರು, ಮಕ್ಕಳ ನಡುವೆ, ಎಂಟರಿಂದ ಹತ್ತು ದಿನ ಬೇಕು. ಹನ್ನೊಂದು ಜನ ಮೂರು ತಿಂಗಳು ಹೊಲಿದರೂ ನೂರರ ಮೇಲೆ ಸ್ವಲ್ಪ ಆದೀತು. ಉಳಿದದ್ದನ್ನು ಯಂತ್ರ ಮಾಡಬೇಕು, ಇಲ್ಲವೇ ನಮ್ಮ ನಿದ್ದೆ ಮಾಡಬೇಕು.

ಪಡಸಾಲೆಯ ಗೋಡೆಯ ಮೇಲೆ ಒಂದು ಕ್ಯಾಲೆಂಡರು ತೂಗಿದೆ. ಬಸವಣ್ಣನವರ ಚಿತ್ರ, ಕೆಳಗೆ ಕಾಯಕವನ್ನು ಕೈಲಾಸವೆಂದು ಹೇಳುವ ಆ ಪ್ರಸಿದ್ಧ ಮಾತು. ನಮ್ಮೊಳಗೆ ಚಿಕ್ಕವಳೊಬ್ಬಳು ಅದರ ಕಡೆ ಕೈ ತೋರಿಸಿ, "ಅಕ್ಕಾ, ಶರಣರೇ ಹೇಳ್ಯಾರಲ್ಲ, ದುಡಿಮಿಗೆ ಯಾಕ ಅಂಜೋಣು?" ಎಂದಳು. ನಾವೆಲ್ಲ ದೊಡ್ಡವ್ವ ಎಂದು ಕರೆಯುವ, ಎಪ್ಪತ್ತರ ಹತ್ತಿರದ ಹಿರಿಯಳು ಸೂಜಿಗೆ ದಾರ ಪೋಣಿಸಲಾರದೆ ನನ್ನ ಕೈಗೆ ಕೊಟ್ಟು, "ಮುನ್ನೂರು ಕೌದಿಗೆ ಎಷ್ಟ ಕಣ್ಣು ಹೋಗ್ತಾವು, ಅದನ್ನ ಯಾರರೆ ಲೆಕ್ಕಾ ಹಾಕೀರೇನವ್ವಾ?" ಎಂದಳು.

ನಾನು ಕಾಲೇಜಿನಲ್ಲಿ ಇತಿಹಾಸ ಓದಿದವಳು. ಆ ಓದು ಸಂಸಾರದಲ್ಲಿ ಯಾವ ಕೆಲಸಕ್ಕೂ ಬಂದಿಲ್ಲವೆಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಆ ರಾತ್ರಿ ಮಾತ್ರ ಬಂತು. ನಿದ್ದೆ ಬಾರದೆ ಹಳೆಯ ಪುಸ್ತಕಗಳನ್ನು ಮತ್ತೆ ಕೆಳಗಿಳಿಸಿದೆ. ಉದ್ಯಮ, ಯಂತ್ರ, ಧರ್ಮ ಈ ಮೂರನ್ನೂ ಒಂದೇ ಜಗುಲಿಯ ಮೇಲೆ ಕೂರಿಸಲು ನಮಗಿಂತ ಮೊದಲು ಯಾರು ಯತ್ನಿಸಿದರು, ಅವರಿಗೆ ಏನಾಯಿತು ಎಂದು ನೋಡುವ ಹಂಬಲ.

ಗೋಡೆಯ ಮೇಲಿನ ಮಾತಿನಿಂದಲೇ ಹೊರಟೆ. ಅದನ್ನು ಬಸವಣ್ಣನವರದೆಂದು ಎಷ್ಟೋ ಜನ ತಿಳಿದಿದ್ದಾರೆ. ಅದು ಬರುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಹನ್ನೆರಡನೆಯ ಶತಮಾನದಲ್ಲಿ ರಾಯಚೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಬಡ ದಂಪತಿಗಳು ಮಾರಯ್ಯ ಮತ್ತು ಲಕ್ಕಮ್ಮ. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವನ ಕಾಯಕ. ಅದನ್ನು ಅಟ್ಟು ಜಂಗಮರಿಗೆ ಬಡಿಸಿ ಉಂಡರೆ ಆ ದಿನದ ದಾಸೋಹ ಮುಗಿಯಿತು. ಒಂದು ದಿನ ಮಾರಯ್ಯ ದಿನಕ್ಕಿಂತ ಹೆಚ್ಚು ಅಕ್ಕಿ ತಂದನಂತೆ. ಲಕ್ಕಮ್ಮ ಅದನ್ನು ನೋಡಿ ಹಿಗ್ಗಲಿಲ್ಲ. ಇಷ್ಟೇಕೆ ತಂದೆ, ಈ ಆಸೆ ನಮಗೆ ಸಲ್ಲದು, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂದಳು. ಅವನು ಹೋಗಿ ಸುರಿದು ಬಂದ.

ಗಂಡನ ಮಾತನ್ನು ನಾವು ಕಚೇರಿಗಳ ಗೋಡೆಗೆ, ಬಸ್ಸಿನ ನೆತ್ತಿಗೆ, ಕ್ಯಾಲೆಂಡರಿಗೆ ಬರೆಸಿದೆವು. ಹೆಂಡತಿಯ ಮಾತನ್ನು ಯಾವ ಕಚೇರಿಯ ಗೋಡೆಯ ಮೇಲೂ ನಾನು ಕಂಡಿಲ್ಲ. ಬರೀ ಮೊದಲರ್ಧವನ್ನು ಹಿಡಿದುಕೊಂಡರೆ ಅದು ದುಡಿಸಿಕೊಳ್ಳುವವನಿಗೆ ಬಹಳ ಅನುಕೂಲದ ತತ್ತ್ವ: ದುಡಿ, ಇನ್ನೂ ದುಡಿ, ದುಡಿಮೆಯೇ ಪೂಜೆ. ಎರಡನೆಯ ಅರ್ಧ ಸೇರಿದಾಗಲೇ ಅದು ಧರ್ಮವಾಗುತ್ತದೆ: ಎಷ್ಟು ಸಾಕು ಎಂದು ದುಡಿಯುವವಳೇ ಹೇಳಬೇಕು. ಲಕ್ಕಮ್ಮ ದುಡಿಮೆಯನ್ನು ಬೇಡವೆನ್ನಲಿಲ್ಲ, ಸೋಮಾರಿತನವನ್ನು ಹೊಗಳಲಿಲ್ಲ. ಅವಳು ಕೈಯಲ್ಲಿ ಹಿಡಿದದ್ದು ಅಳತೆಯ ಸೇರನ್ನು.

ಇನ್ನು ಯಂತ್ರದ ಮಾತು. ನಮ್ಮ ಹೆಣ್ಣುಮಕ್ಕಳ ಕೈಗೆ ಬಂದ ಮೊದಲ ಯಂತ್ರಗಳಲ್ಲಿ ರಾಟೆ ಒಂದು. ಅದು ಎಲ್ಲಿಂದ ಬಂತು, ಯಾವಾಗ ಬಂತು ಎಂಬುದರ ಬಗ್ಗೆ ವಿದ್ವಾಂಸರಲ್ಲಿ ಜಗಳವಿದೆ. ಆ ಜಗಳದಲ್ಲಿ ಎರಡು ಸಾಕ್ಷಿಗಳು ಎದುರುಬದುರಾಗಿ ನಿಲ್ಲುತ್ತವೆ. ಒಂದು, 1350ರಲ್ಲಿ ಬಹಮನಿ ಸುಲ್ತಾನನ ಆಶ್ರಯದಲ್ಲಿ ಇಸಾಮಿ ಎಂಬ ಕವಿ ಪಾರ್ಸಿಯಲ್ಲಿ ಬರೆದ ‘ಫುತೂಹ್-ಉಸ್-ಸಲಾತೀನ್’. ಅದರಲ್ಲಿ ಚರಕದ ಹೆಸರು ಬರುವ ಸಂದರ್ಭವನ್ನು ಓದಿ ನನಗೆ ನಗುವೂ ಬಂತು, ಸಿಟ್ಟೂ ಬಂತು. 1236ರಿಂದ 1240ರವರೆಗೆ ದಿಲ್ಲಿಯ ಸಿಂಹಾಸನದಲ್ಲಿದ್ದ ರಜಿಯಾಳ ಕತೆ ಹೇಳುತ್ತ ಕವಿ, ಹೆಂಗಸಿಗೆ ಗದ್ದುಗೆ ಒಗ್ಗದು, ಸದಾ ಚರಕದ ಮುಂದೆ ಕೂತವಳೇ ಒಳ್ಳೆಯವಳು ಎಂಬ ಅರ್ಥದ ಮಾತಾಡುತ್ತಾನೆ. ಚರಿತ್ರಕಾರ ಇರ್ಫಾನ್ ಹಬೀಬ್ ರಾಟೆಯ ಇತಿಹಾಸಕ್ಕೆ ಇದನ್ನು ಮುಖ್ಯ ಆಧಾರವಾಗಿ ತೋರಿಸಿದರು.

ಇನ್ನೊಂದು ಸಾಕ್ಷಿ ನಮ್ಮ ಕನ್ನಡದ್ದು. ಶರಣೆಯರಲ್ಲಿ ಕದಿರೆ ರೆಮ್ಮವ್ವೆ ಎಂಬವಳಿದ್ದಳು. ಕದಿರೆಂದರೆ ರಾಟೆಯಲ್ಲಿ ನೂಲು ಸುತ್ತಿಕೊಳ್ಳುವ ಕಡ್ಡಿ. ನೂಲುವುದೇ ಅವಳ ಕಾಯಕ, ಹೆಸರಿಗೂ ಅದೇ. ಅವಳ ಒಂದು ವಚನದಲ್ಲಿ ತಾನು ತಿರುಗಿಸುವ ರಾಟೆ ಎಂಥ ಕುಲದ್ದೆಂದು ವಿವರಿಸುತ್ತಾಳೆ. ಅಡಿಯ ಹಲಗೆ, ಮೇಲಿನ ತೋರಣ, ನಿಂತ ಬೊಂಬೆ ಎಂದು ಒಂದೊಂದು ಅಂಗವನ್ನೂ ಹೆಸರಿಸಿ, ಒಂದರಲ್ಲಿ ಬ್ರಹ್ಮನನ್ನು, ಇನ್ನೊಂದರಲ್ಲಿ ವಿಷ್ಣುವನ್ನು, ಮತ್ತೊಂದರಲ್ಲಿ ರುದ್ರನನ್ನು ಕಾಣುತ್ತಾಳೆ. ವಚನಗಳು ಕಟ್ಟುಗಳಾಗಿ ಸೇರಿದ್ದು ಬಹಳ ತಡವಾಗಿ. ಆದ್ದರಿಂದ ಇದನ್ನು ಹನ್ನೆರಡನೆಯ ಶತಮಾನದ ಗಟ್ಟಿ ಪುರಾವೆಯೆನ್ನಬಹುದೇ ಎಂಬ ವಾದ ಇನ್ನೂ ಮುಗಿದಿಲ್ಲ. ವಾದ ಹೇಗಾದರೂ ಮುಗಿಯಲಿ. ಒಬ್ಬ ಗಂಡಸು ಹೆಂಗಸನ್ನು ಸುಮ್ಮನಿರಿಸಲು ರಾಟೆಯನ್ನು ತೋರಿಸಿದ. ಒಬ್ಬ ಹೆಂಗಸು ಅದೇ ರಾಟೆಯನ್ನು ಹಿಡಿದು ಮಾತಾಡಿದಳು. ಯಂತ್ರ ಒಂದೇ. ಅದರ ಬಗ್ಗೆ ಯಾರು ಮಾತಾಡುತ್ತಾರೆ ಎಂಬುದರ ಮೇಲೆ ಅದು ಸೆರೆಮನೆಯೂ ಆದೀತು, ದೇವರ ಮನೆಯೂ ಆದೀತು.

ರಾಟೆಯಿಂದ ಹೆಂಗಸರಿಗೆ ಬರುತ್ತಿದ್ದ ಕಾಸು ಸಣ್ಣದೇನಲ್ಲ. ಅದು ಹೋದಾಗ ಏನಾಯಿತೆಂಬುದಕ್ಕೆ 1828ರಲ್ಲಿ ಬಂಗಾಳದ ‘ಸಮಾಚಾರ ದರ್ಪಣ’ ಪತ್ರಿಕೆಗೆ ಶಾಂತಿಪುರದ ವಿಧವೆಯೊಬ್ಬಳು ಬರೆಸಿದ ಪತ್ರವಿದೆ. ಇಪ್ಪತ್ತೆರಡನೆಯ ವಯಸ್ಸಿಗೆ ಗಂಡ ಸತ್ತ, ಮೂರು ಹೆಣ್ಣುಮಕ್ಕಳು. ಒಡವೆ ಮಾರಿ ಗಂಡನ ಶ್ರಾದ್ಧ ಮಾಡಿದಳು. ಆಮೇಲೆ ಅವಳ ಕೈ ಹಿಡಿದದ್ದು ನೂಲು. ನೇಕಾರರು ಮನೆಯ ಬಾಗಿಲಿಗೇ ಬಂದು ಕೊಂಡೊಯ್ಯುತ್ತಿದ್ದರು. ಆ ದುಡ್ಡಿನಲ್ಲೇ ಮೂವರು ಮಕ್ಕಳ ಮದುವೆ ಮಾಡಿದಳು, ಯಾರ ಮುಂದೂ ಕೈ ಚಾಚಲಿಲ್ಲ. ಆಮೇಲೆ ವಿಲಾಯತಿಯ ನೂಲು ಬಂತು, ಅವಳ ನೂಲಿಗಿಂತ ಎಷ್ಟೋ ಅಗ್ಗಕ್ಕೆ. ನೇಕಾರರು ಬರುವುದನ್ನು ಬಿಟ್ಟರು. ಆ ಹೆಂಗಸು ದೂರಿನ ನಡುವೆಯೂ ಇನ್ನೊಂದು ಮಾತು ಹೇಳುತ್ತಾಳೆ: ವಿಲಾಯತಿಯವರೆಲ್ಲ ಸಿರಿವಂತರೆಂದುಕೊಂಡಿದ್ದೆ, ಇಷ್ಟು ಕಡಿಮೆ ಬೆಲೆಗೆ ನೂಲು ಕಳಿಸಬೇಕಾದರೆ ಅಲ್ಲಿ ನನಗಿಂತಲೂ ಬಡವರಿರಬೇಕು. ಅದು ಮಿಲ್ಲಿನ ನೂಲೆಂದು ಅವಳಿಗೆ ತಿಳಿದಿರಲಿಲ್ಲ. ಆದರೂ ಅವಳ ಊಹೆ ಪೂರ್ತಿ ತಪ್ಪಲ್ಲ. ಲ್ಯಾಂಕಾಶೈರಿನ ಆ ಮಿಲ್ಲುಗಳಲ್ಲಿ ಹೆಂಗಸರೂ ಮಕ್ಕಳೂ ಹಗಲಿರುಳೆನ್ನದೆ ದುಡಿಯುತ್ತಿದ್ದರು. ಅಗ್ಗದ ನೂಲಿನ ಹಿಂದೆ ಯಾರದೋ ಬಡತನ ಇದ್ದೇ ಇರುತ್ತದೆ ಎಂದು ಅಕ್ಷರ ಓದದ ಆ ಕೈ ಊಹಿಸಿತ್ತು.

ಹೀಗೆ ಅಟ್ಟ ಸೇರಿದ ರಾಟೆಯನ್ನು ಮತ್ತೆ ಕೆಳಗಿಳಿಸಿದ ಕೀರ್ತಿಯನ್ನು ಗಾಂಧೀಜಿಗೆ ಕೊಡುತ್ತೇವೆ. ಸ್ವತಃ ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ ಅದನ್ನು ಕೊಟ್ಟದ್ದು ಒಬ್ಬ ಹೆಂಗಸಿಗೆ. 1909ರಲ್ಲಿ ‘ಹಿಂದ್ ಸ್ವರಾಜ್’ ಬರೆಯುವಾಗ ತಾವು ರಾಟೆಯನ್ನಾಗಲಿ ಕೈಮಗ್ಗವನ್ನಾಗಲಿ ನೋಡಿದ ನೆನಪೇ ಇಲ್ಲವೆಂದು ಅವರು ಒಪ್ಪಿಕೊಳ್ಳುತ್ತಾರೆ. ಆಶ್ರಮದಲ್ಲಿ ಮಗ್ಗ ಹೂಡಿದಾಗಲೂ ನೂಲು ಮಿಲ್ಲಿನದೇ. ನೂಲುವುದನ್ನು ಕಲಿಸುವವರೇ ಸಿಗಲಿಲ್ಲ. 1917ರಲ್ಲಿ ಭರೂಚದ ಶಿಕ್ಷಣ ಸಮ್ಮೇಳನದಲ್ಲಿ ಗಂಗಾಬೆನ್ ಮಜುಮದಾರ್ ಎಂಬ ವಿಧವೆ ಅವರಿಗೆ ಸಿಕ್ಕಳು. ಧೈರ್ಯವಂತೆ, ಕುದುರೆಯ ಮೇಲೆ ಒಂಟಿಯಾಗಿ ಓಡಾಡುವವಳು. ರಾಟೆ ಹುಡುಕಿಕೊಡುತ್ತೇನೆಂದು ಮಾತು ಕೊಟ್ಟು ಗುಜರಾತನ್ನೆಲ್ಲ ಸುತ್ತಿದಳು. ಕೊನೆಗೆ ಬರೋಡಾ ಸಂಸ್ಥಾನದ ವಿಜಾಪುರದಲ್ಲಿ ಸಿಕ್ಕಿತು. ಅಲ್ಲಿ ಎಷ್ಟೋ ಮನೆಗಳಲ್ಲಿ ರಾಟೆ ಅಟ್ಟದ ಮೇಲೆ ಧೂಳು ತಿನ್ನುತ್ತಿತ್ತು.

ಆ ಮನೆಗಳ ಹೆಂಗಸರು ಗಂಗಾಬೆನ್‌ಗೆ ಹೇಳಿದ ಮಾತನ್ನು ಇಂದು ಉದ್ಯಮ ನಡೆಸುವ ಪ್ರತಿಯೊಬ್ಬರೂ ಬರೆದಿಟ್ಟುಕೊಳ್ಳಬೇಕು. ಅವರು ದೇಶಭಕ್ತಿಯ ಮಾತಾಡಲಿಲ್ಲ. ಹಂಜಿಯನ್ನು ತಪ್ಪದೆ ತಂದುಕೊಡುವುದಾದರೆ, ನೂತ ನೂಲನ್ನು ಕೊಳ್ಳುವುದಾದರೆ ನೂಲುತ್ತೇವೆ ಎಂದರು. ಕಚ್ಚಾ ಸಾಮಾನಿಗೂ ಮಾರಾಟಕ್ಕೂ ಅವರು ಭರವಸೆ ಕೇಳಿದರು. ಇಷ್ಟು ಸಣ್ಣ ಮಾತು, ಇದು ಮುರಿದಾಗಲೇ ಎಷ್ಟೋ ಮಹಿಳಾ ಮಂಡಳಗಳ ಹಪ್ಪಳ ಉಪ್ಪಿನಕಾಯಿ ಕಟ್ಟಿದ್ದು ಕಟ್ಟಿದಂತೆಯೇ ಉಳಿದದ್ದು.

ಹಂಜಿಯನ್ನು ಮೊದಲು ಉಮರ್ ಸೊಬಾನಿಯವರು ತಮ್ಮ ಮಿಲ್ಲಿನಿಂದ ಕಳಿಸಿದರು. ನೂಲು ರಾಶಿ ಬೀಳತೊಡಗಿತು. ಆದರೆ ಮಿಲ್ಲಿನ ಹಂಜಿ ಪಡೆಯುವುದು ಸರಿಯಲ್ಲವೆಂದು ಗಾಂಧೀಜಿಗೆ ಅನ್ನಿಸಿತು. ಗಂಗಾಬೆನ್ ಅರಳೆ ಹಿಂಜುವ ಪಿಂಜಾರನನ್ನು ಹುಡುಕಿದಳು. ಅವನು ತಿಂಗಳಿಗೆ 35 ರೂಪಾಯಿ ಕೇಳಿದ. ಆ ಕಾಲಕ್ಕೆ ಅದೇನು ಕಡಿಮೆ ಸಂಬಳವಲ್ಲ, ಆದರೂ ಕೊಟ್ಟಳು, ಹುಡುಗರಿಗೆ ಹಂಜಿ ಮಾಡುವುದನ್ನು ಕಲಿಸಿದಳು, ನೇಕಾರರನ್ನು ಕೂಡಿಸಿದಳು. ಮೊದಲ ಖಾದಿಗೆ ಗಜಕ್ಕೆ ಹದಿನೇಳು ಆಣೆ ಬಿತ್ತು, ಅಗಲ ಮೂವತ್ತೇ ಅಂಗುಲ. ಒಂದು ತಿಂಗಳೊಳಗೆ ನಲವತ್ತೈದು ಅಂಗುಲದ ಧೋತರ ಸಿಗದಿದ್ದರೆ ತುಂಡು ಬಟ್ಟೆಯನ್ನೇ ಉಡುತ್ತೇನೆಂದು ಗಾಂಧೀಜಿ ಹಟ ಹಿಡಿದರು. ಗಂಗಾಬೆನ್ ಅವಧಿಯೊಳಗೇ ಅದನ್ನು ನೇಯಿಸಿ ಕಳಿಸಿದಳು. ಬಂಡವಾಳ, ಕಚ್ಚಾ ಸಾಮಾನು, ತರಬೇತಿ, ಗಿರಾಕಿಯ ಬೇಡಿಕೆ, ಎಲ್ಲವನ್ನೂ ಒಬ್ಬಳೇ ತೂಗಿಸಿದಳು. ಇಂದಿನ ಮ್ಯಾನೇಜ್‌ಮೆಂಟ್ ಶಾಲೆಯವರು ಇವಳನ್ನು ಉದ್ಯಮಿ ಎಂದಾರು. ನಮ್ಮ ಶಾಲೆಯ ಪುಸ್ತಕದಲ್ಲಿ ಇವಳ ಹೆಸರನ್ನು ನಾನು ಓದಿದ ನೆನಪಿಲ್ಲ.

ಗಾಂಧೀಜಿ ಯಂತ್ರದ ವೈರಿ ಎಂದು ನಾವು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವರು. ಅದು ಅರ್ಧಸತ್ಯ. 1924ರಲ್ಲಿ ಜಿ. ರಾಮಚಂದ್ರನ್ ಎಂಬ ತರುಣ ಅವರನ್ನು ಇದೇ ಪ್ರಶ್ನೆ ಕೇಳಿದ. ರಾಟೆಯೂ ಯಂತ್ರವೇ, ಈ ದೇಹವೂ ಯಂತ್ರವೇ ಎಂದು ಶುರುಮಾಡಿದ ಗಾಂಧೀಜಿ, ಯಂತ್ರದ ಹುಚ್ಚಿಗೆ ಮಾತ್ರ ತಮ್ಮ ವಿರೋಧ ಎಂದು ಹೇಳಿ ಸಿಂಗರ್ ಹೊಲಿಗೆ ಯಂತ್ರವನ್ನು ಮೆಚ್ಚಿದರು. ಹೆಂಡತಿ ಕೈಯಿಂದ ಹೊಲಿದು ಹೊಲಿದು ದಣಿಯುವುದನ್ನು ನೋಡಲಾರದೆ ಸಿಂಗರ್ ಅದನ್ನು ಮಾಡಿದನೆಂದು ಅವರು ನಂಬಿದ್ದರು. ನಿಜವಾದ ಐಸಾಕ್ ಸಿಂಗರ್ 1851ರಲ್ಲಿ ಪೇಟೆಂಟ್ ಪಡೆದದ್ದು ಹೆಂಡತಿಯ ಮೇಲಿನ ಕರುಣೆಯಿಂದಲ್ಲ, ದುಡ್ಡಿನ ಆಸೆಯಿಂದ. ಅವನ ಸಂಸಾರಗಳ ಕತೆಯನ್ನು ಇಲ್ಲಿ ಹೇಳಹೊರಟರೆ ಕೌದಿ ಹೊಲಿಯುವವರೆಲ್ಲ ಸೂಜಿ ಕೆಳಗಿಟ್ಟು ಕೇಳಿಯಾರು. ಆದರೆ ಗಾಂಧೀಜಿ ಹಿಡಿದ ಅಳತೆಗೋಲು ಸರಿಯಾಗಿಯೇ ಇತ್ತು: ಯಂತ್ರ ಯಾರ ದಣಿವನ್ನು ಕಡಿಮೆ ಮಾಡಿತು?

ಆ ಅಳತೆಗೋಲು ಹಿಡಿದೇ ಅವರು ಸ್ಥಾಪಿಸಿದ ಅಖಿಲ ಭಾರತ ಚರಖಾ ಸಂಘ 1929ರಲ್ಲಿ ಒಂದು ಸ್ಪರ್ಧೆ ಸಾರಿತು. ಹೊಸ ಬಗೆಯ ರಾಟೆ ಮಾಡಿದವರಿಗೆ ಬಹುಮಾನ ಒಂದು ಲಕ್ಷ ರೂಪಾಯಿ. ಆಗಿನ ಒಂದು ಲಕ್ಷ! ಷರತ್ತುಗಳನ್ನು ಓದಿ ನೋಡಿ. ಯಂತ್ರ ಹಗುರಾಗಿರಬೇಕು, ಸಾಧಾರಣ ಗುಡಿಸಲಿನಲ್ಲಿ ಕೈಯಿಂದಲೋ ಕಾಲಿನಿಂದಲೋ ನಡೆಯಬೇಕು. ಬೆಲೆ 150 ರೂಪಾಯಿ ಮೀರಬಾರದು. ಇಪ್ಪತ್ತು ವರ್ಷ ಬಾಳಬೇಕು. ಒಬ್ಬ ಹೆಂಗಸು ಎಂಟು ತಾಸು ನಡೆಸಿದರೂ ಹೆಚ್ಚು ದಣಿಯಬಾರದು. ಕೊನೆಯ ಷರತ್ತನ್ನು ನಾನು ಎರಡು ಸಲ ಓದಿದೆ. ಯಂತ್ರದ ನಕ್ಷೆ ಶುರುವಾಗುವುದು ಹೆಂಗಸಿನ ತೋಳಿನ ದಣಿವಿನಿಂದ! ಕಿರ್ಲೋಸ್ಕರವಾಡಿಯ ಕಾರ್ಖಾನೆಯಿಂದ ಬಂದ ಯಂತ್ರ ಪರೀಕ್ಷೆಯವರೆಗೆ ಹೋಯಿತು, ಆದರೆ ತೇರ್ಗಡೆಯಾಗಲಿಲ್ಲ. ಬಹುಮಾನ ಯಾರಿಗೂ ಸಿಗಲಿಲ್ಲ. ಸ್ವಾತಂತ್ರ್ಯ ಬಂದ ಮೇಲೆ ತಮಿಳುನಾಡಿನ ಏಕಾಂಬರನಾಥನ್ ಎಂಬವರು ಒಂದೇ ಹಿಡಿಕೆಗೆ ಹಲವು ಕದಿರು ತಿರುಗುವ ರಾಟೆ ಮಾಡಿದರು. ಅವರ ಹೆಸರಿನಿಂದಲೇ ಅದಕ್ಕೆ ಅಂಬರ ಚರಕವೆಂಬ ಹೆಸರು ಬಂತು. 1950ರ ದಶಕದಲ್ಲಿ ಅದು ದೇಶದ ಖಾದಿ ಕೇಂದ್ರಗಳಿಗೆಲ್ಲ ಹಬ್ಬಿತು.

ತತ್ತ್ವ ದೊಡ್ಡದಿದ್ದ ಮಾತ್ರಕ್ಕೆ ಕೂಲಿ ದೊಡ್ಡದಾಗುವುದಿಲ್ಲ. ಈ ಕತೆಯಲ್ಲಿ ನನಗೆ ಎಲ್ಲಕ್ಕಿಂತ ನಾಟಿದ್ದು ಇದು. ಗಾಂಧೀಜಿ ಗೀತೆಯ ಮೂರನೆಯ ಅಧ್ಯಾಯದ ಯಜ್ಞಚಕ್ರದಲ್ಲಿ ರಾಟೆಯನ್ನು ಕಂಡರು. ನೂಲುವುದು ಯಜ್ಞವೆಂದರು. ನಗರದ ವಕೀಲ ದಿನಕ್ಕೆ ಅರ್ಧ ತಾಸು ನೂತರೆ ಅದು ಯಜ್ಞ, ಸರಿ. ಹೊಟ್ಟೆಗಾಗಿ ದಿನವಿಡೀ ನೂಲುವ ಹಳ್ಳಿಯ ವಿಧವೆಗೆ? ಖಾದಿಯನ್ನು ಮಿಲ್ಲಿನ ಬಟ್ಟೆಗೆ ಸರಿಗಟ್ಟುವಂತೆ ಅಗ್ಗವಾಗಿಸಬೇಕೆಂಬ ಹಟದಲ್ಲಿ ಎಲ್ಲರಿಗಿಂತ ಕಡಿಮೆ ಪಡೆದವಳು ಅವಳೇ. ನೇಕಾರನ ಕೂಲಿಯ ಹತ್ತಿರಕ್ಕೂ ಅವಳ ಕೂಲಿ ಬರುತ್ತಿರಲಿಲ್ಲ. 1935ರಲ್ಲಿ ಗಾಂಧೀಜಿ ಇದನ್ನು ಬಾಯಿಬಿಟ್ಟು ಒಪ್ಪಿಕೊಂಡರು. ಎಂಟು ತಾಸಿನ ದುಡಿಮೆಗೆ ಎಂಟಾಣೆ ಕೊಡಬೇಕೆಂದು ಅವರ ಇಚ್ಛೆ. ಮಾರಾಟ ಬಿದ್ದುಹೋದೀತೆಂದು ಕಾರ್ಯಕರ್ತರು ಹೆದರಿದರು. ಆ ವರ್ಷ ಚರಖಾ ಸಂಘ ನಿರ್ಣಯ ಮಾಡಿತು: ನೂಲುವವಳ ಎಂಟು ತಾಸಿನ ಕೂಲಿ ಅವಳ ಪೌಷ್ಟಿಕ ಊಟಕ್ಕೂ ವರ್ಷಕ್ಕೆ ಇಪ್ಪತ್ತು ಗಜ ಬಟ್ಟೆಗೂ ಸಾಲುವಂತಿರಬೇಕು. ಎಂಟಾಣೆಯ ಆಸೆ ಮಾತ್ರ ಆಸೆಯಾಗಿಯೇ ಉಳಿದು, ಮೂರಾಣೆಯ ಆಸುಪಾಸಿಗೆ ಬಂದು ನಿಂತಿತು. ಆದರೂ ಬಟ್ಟೆಯ ಬೆಲೆಯನ್ನು ಸಂತೆಯಿಂದ ಶುರುಮಾಡದೆ ನೂಲುವವಳ ತಟ್ಟೆಯಿಂದ ಶುರುಮಾಡಿದ ಲೆಕ್ಕ ಅದು. ಲಕ್ಕಮ್ಮನ ‘ಸಾಕು’ ಎಂಬ ಮಾತಿಗೆ ಇನ್ನೊಂದು ಮಗ್ಗುಲಿದೆ ಎಂದು ನನಗೆ ಹೊಳೆದದ್ದು ಇಲ್ಲಿ. ಹೆಚ್ಚಾದದ್ದನ್ನು ಸಾಕು ಎನ್ನಬೇಕಾದರೆ, ಮೊದಲು ತಟ್ಟೆಯಲ್ಲಿ ಸಾಕಾಗುವಷ್ಟು ಇರಬೇಕು. ಹಸಿದವಳಿಗೆ ಸಾಕು ಎನ್ನುವುದನ್ನು ಕಲಿಸಹೋಗುವುದು ಧರ್ಮವಲ್ಲ.

ನಮ್ಮ ಊರಿನ ಮಗ್ಗುಲಲ್ಲೇ ಈ ಕತೆ ಇನ್ನೂ ನಡೆಯುತ್ತಿದೆ. ಧಾರವಾಡದ ಹತ್ತಿರದ ಗರಗ ರಾಷ್ಟ್ರಧ್ವಜದ ಖಾದಿಗೆ ಹೆಸರಾದ ಊರು. ಹುಬ್ಬಳ್ಳಿಯ ಬೆಂಗೇರಿಯಲ್ಲಿ, 1957ರಲ್ಲಿ ಹುಟ್ಟಿದ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ, ಧ್ವಜ ಹೊಲಿಯುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಅಶೋಕ ಚಕ್ರ ಎರಡೂ ಮಗ್ಗುಲಲ್ಲಿ ಕೂದಲೆಳೆಯಷ್ಟೂ ಸರಿಯದಂತೆ ಮೂಡಬೇಕು, ಅಳತೆ ಸ್ವಲ್ಪ ತಪ್ಪಿದರೂ ಧ್ವಜ ತಿರಸ್ಕೃತ. 2021ರ ಡಿಸೆಂಬರಿನಲ್ಲಿ ಧ್ವಜ ಸಂಹಿತೆ ತಿದ್ದುಪಡಿಯಾಗಿ ಯಂತ್ರದಲ್ಲಿ ಮಾಡಿದ, ಪಾಲಿಯೆಸ್ಟರಿನ ಧ್ವಜಗಳಿಗೂ ಅನುಮತಿ ಸಿಕ್ಕಿತು. 2022ರ ಆಗಸ್ಟಿನಲ್ಲಿ ಮನೆಮನೆಯ ಮೇಲೂ ಧ್ವಜ ಹಾರಿತು. ಅಷ್ಟು ಮನೆಗಳಿಗೆ ಕೈನೂಲಿನ ಧ್ವಜ ಒದಗಿಸುವುದು ಆಗದ ಮಾತು, ನಿಜ. ಆದರೆ ಶಾಂತಿಪುರದ ಆ ವಿಧವೆಯ ಪತ್ರವನ್ನು ಓದಿದವಳಿಗೆ ಬೆಂಗೇರಿಯ ಹೆಣ್ಣುಮಕ್ಕಳ ಆತಂಕ ಹೊಸದೆನ್ನಿಸುವುದಿಲ್ಲ. 2018ರಲ್ಲಿ ಕೇಂದ್ರ ಸರ್ಕಾರ ಸೌರ ಚರಕದ ಯೋಜನೆ ಶುರುಮಾಡಿತು. ಬಿಸಿಲಿನ ವಿದ್ಯುತ್ತು ಕದಿರು ತಿರುಗಿಸಿದರೆ ತೋಳಿನ ನೋವು ತಪ್ಪುತ್ತದೆ, ಅದಕ್ಕೆ ನನ್ನ ತಕರಾರಿಲ್ಲ. ಉಳಿದ ತಾಸುಗಳು, ಹೆಚ್ಚಿದ ನೂಲಿನ ದುಡ್ಡು ಯಾರ ಉಡಿಗೆ ಬೀಳುತ್ತವೆ ಎಂಬುದೊಂದನ್ನು ನೋಡಬೇಕು.

ನನ್ನ ಮಗಳು ಬೆಂಗಳೂರಿನ ಕಂಪನಿಯೊಂದರ ಕೆಲಸವನ್ನು ಮನೆಯಿಂದಲೇ ಮಾಡುತ್ತಾಳೆ. ಕಂಪ್ಯೂಟರು ಅವಳ ರಾಟೆ. ಅದು ಅವಳಿಗೆ ಮದುವೆಯಾದ ಮೇಲೂ, ಕೂಸು ಹುಟ್ಟಿದ ಮೇಲೂ ಸಂಬಳ ತಂದುಕೊಟ್ಟಿದೆ, ಆ ಋಣವನ್ನು ನಾನು ಮರೆಯಲಾರೆ. ಆದರೆ ರಾತ್ರಿ ಹತ್ತಕ್ಕೆ, ಹನ್ನೊಂದಕ್ಕೆ ಅದು ಕರೆಯುತ್ತದೆ. ಅವಳ ಕಚೇರಿಯವರು ವಾರಕ್ಕೊಮ್ಮೆ ಧ್ಯಾನ ಹೇಳಿಕೊಡುತ್ತಾರಂತೆ. ಕಣ್ಣು ಮುಚ್ಚಿ ಉಸಿರನ್ನು ಗಮನಿಸಿ, ಮನಸ್ಸು ಹಗುರವಾಗುತ್ತದೆ, ಮತ್ತೆ ಕೆಲಸಕ್ಕೆ ಹುರುಪು ಬರುತ್ತದೆ ಎನ್ನುತ್ತಾರಂತೆ. ಧ್ಯಾನ ಒಳ್ಳೆಯದೇ. ಆದರೆ ಬುದ್ಧ ಉಸಿರನ್ನು ಗಮನಿಸಲು ಹೇಳಿದ್ದು ಆಸೆಯ ಬೇರನ್ನು ಕಾಣಲಿಕ್ಕೆ, ಮರುದಿನ ಇನ್ನೂ ಎರಡು ತಾಸು ಹೆಚ್ಚು ದುಡಿಯಲಿಕ್ಕೆ ಅಲ್ಲ. ಗೋಡೆಯ ಮೇಲೆ ಮಾರಯ್ಯನ ಮಾತನ್ನು ತೂಗುಹಾಕಿ ಲಕ್ಕಮ್ಮನನ್ನು ಹೊರಗಿಟ್ಟಂತೆಯೇ ಇದೂ. ತತ್ತ್ವವನ್ನು ದಣಿವಿನ ಮೇಲೆ ಹಚ್ಚುವ ಮುಲಾಮು ಮಾಡಿಕೊಂಡರೆ, ದಣಿವು ಎಲ್ಲಿಂದ ಬಂತೆಂದು ಕೇಳುವವರೇ ಇರುವುದಿಲ್ಲ.

ಇಷ್ಟೆಲ್ಲ ಓದಿ ಬೆಳಗಾದ ಮೇಲೆ ಪಡಸಾಲೆಯಲ್ಲಿ ಹನ್ನೊಂದೂ ಜನ ಸೇರಿದೆವು. ನಾನು ಇತಿಹಾಸ ಹೇಳಲಿಲ್ಲ. ಲಕ್ಕಮ್ಮನ ಕತೆ ಎಲ್ಲರಿಗೂ ಗೊತ್ತಿದ್ದದ್ದೇ, ಗಂಗಾಬೆನ್‌ಳ ಕತೆ ಮಾತ್ರ ಹೇಳಿದೆ. ಆಮೇಲೆ ಒಂದು ನೋಟುಪುಸ್ತಕ ತೆಗೆದುಕೊಂಡು ಒಬ್ಬೊಬ್ಬಳನ್ನೂ ಕೇಳಿದೆವು: ನಿನಗೆ ತಿಂಗಳಿಗೆ ಎಷ್ಟು ಬೇಕು, ದಿನಕ್ಕೆ ಎಷ್ಟು ತಾಸು ಕೂಡಬಲ್ಲೆ, ಯಾವ ಕೆಲಸ ಕಷ್ಟ. ಆರು ವರ್ಷ ಒಟ್ಟಿಗೆ ಕೂತು ಹೊಲಿದಿದ್ದೆವು, ಒಮ್ಮೆಯೂ ಹೀಗೆ ಕೇಳಿರಲಿಲ್ಲ. ಒಬ್ಬಳಿಗೆ ಮಗನ ಫೀಸಿಗೆ ನಾಲ್ಕು ಸಾವಿರ ಬೇಕಿತ್ತು. ಇಬ್ಬರಿಗೆ ಬೆನ್ನುನೋವು. ದೊಡ್ಡವ್ವ, "ನನಗ ದುಡ್ಡಕ್ಕಿಂತ ಇಲ್ಲಿ ಬಂದು ಕೂಡೂದ ಬೇಕವ್ವಾ" ಎಂದಳು. ಎಲ್ಲರಿಗೂ ಬೇಸರ ತರುವ ಕೆಲಸ ಒಂದೇ: ಕೌದಿಯ ಅಂಚು ಮಡಿಚಿ ಹೊಲಿಯುವುದು, ತುಣುಕುಗಳನ್ನು ಜೋಡಿಸುವುದು. ಅದಕ್ಕೆ ಎರಡು ದಿನ ಹೋಗುತ್ತದೆ, ಅದರಲ್ಲಿ ಕೈಚಳಕವೇನೂ ಇಲ್ಲ.

ಹೀಗೆ ಲೆಕ್ಕ ಹಾಕಿ ಒಂದು ಹೊಲಿಗೆ ಯಂತ್ರ ಕೊಂಡೆವು, ಅಂಚಿಗೆ ಮತ್ತು ಜೋಡಣೆಗೆ ಮಾತ್ರ. ಮೇಲಿನ ಹೊಲಿಗೆಯೆಲ್ಲ ಕೈಯದೇ. ವ್ಯಾಪಾರಿಗೆ ಬರೆದೆವು: ಮೂರು ತಿಂಗಳಲ್ಲಿ ತೊಂಬತ್ತು ಕೌದಿ ಕೊಡಬಲ್ಲೆವು, ಬೆಲೆ 1,800ಕ್ಕೆ ಕಡಿಮೆಯಿಲ್ಲ. ಹತ್ತು ದಿನ ಉತ್ತರವಿಲ್ಲ. ಆ ಹತ್ತು ದಿನ ನನ್ನ ಎದೆಬಡಿತ ನನಗೇ ಕೇಳಿಸುತ್ತಿತ್ತು. ಕೊನೆಗೆ ಅವರು ಅರವತ್ತಕ್ಕೆ ಒಪ್ಪಿದರು. ಉಳಿದದ್ದನ್ನು ಬೇರೆಲ್ಲಿಯೋ ಯಂತ್ರದಲ್ಲಿ ಮಾಡಿಸಿಕೊಂಡರು.

ಎಲ್ಲವೂ ಚೆಂದವಾಗಿ ಮುಗಿಯಿತೆಂದು ಹೇಳಲಾರೆ. ಅರವತ್ತು ಕೌದಿಯ ದುಡ್ಡು ಹನ್ನೊಂದು ಜನರಿಗೆ ಸಾಲಲಿಲ್ಲ. ಶರಣರ ಮಾತು ತೆಗೆದ ಆ ಚಿಕ್ಕವಳೂ ಫೀಸಿನ ತಾಯಿಯೂ ನಮ್ಮನ್ನು ಬಿಟ್ಟು ಸಿದ್ಧ ಉಡುಪಿನ ಕಾರ್ಖಾನೆಗೆ ಸೇರಿದರು. ಅಲ್ಲಿ ತಿಂಗಳಿಗೊಮ್ಮೆ ತಪ್ಪದೆ ಸಂಬಳ ಬರುತ್ತದೆ. ಅವರನ್ನು ತಪ್ಪೆನ್ನಲು ನನಗೆ ಬಾಯಿಲ್ಲ. ಅವರ ತಟ್ಟೆಗೆ ಸಾಲುವಷ್ಟನ್ನು ನಾವು ದುಡಿಸಿಕೊಡಲಾಗಲಿಲ್ಲ, ಅಷ್ಟೇ. ಈ ವರ್ಷ ಇನ್ನಿಬ್ಬರು ಗಿರಾಕಿಗಳು ನೇರವಾಗಿ ಸಿಕ್ಕಿದ್ದಾರೆ. ಹಿಂದಿನ ಲೆಕ್ಕದ ನೋಟುಪುಸ್ತಕವನ್ನು ಮೂರು ತಿಂಗಳಿಗೊಮ್ಮೆ ತೆಗೆದು ಮತ್ತೆ ಅದೇ ಮೂರು ಪ್ರಶ್ನೆ ಕೇಳುತ್ತೇವೆ. ಮಗನ ಫೀಸಿನ ತಾಯಿ ಬಿಡುವಿನ ದಿನ ಬಂದು ಅಂಚು ಹೊಲಿದುಕೊಟ್ಟು ಹೋಗುತ್ತಾಳೆ. ಬಂದಾಗಲೆಲ್ಲ ಪುಸ್ತಕದಲ್ಲಿ ಆದಾಯದ ಪುಟವನ್ನು ತಿರುವಿ ನೋಡುತ್ತಾಳೆ.

ಕ್ಯಾಲೆಂಡರು ಅಲ್ಲಿಯೇ ಇದೆ. ಅದರ ಕೆಳಗೆ ಮಗಳು ಒಂದು ಚೀಟಿ ಅಂಟಿಸಿದ್ದಾಳೆ: ‘ಸಂಜೆ 5.30ಕ್ಕೆ ಸೂಜಿ ಕೆಳಗಿಡುವುದು.’ ಅದನ್ನು ಬರೆಯುವಾಗ ಅವಳು ನಕ್ಕಿದ್ದಳು, ಆಮೇಲೆ ಒಂದು ಚೀಟಿಯನ್ನು ತನ್ನ ಕಂಪ್ಯೂಟರಿನ ಮೂಲೆಗೂ ಅಂಟಿಸಿಕೊಂಡಳು, ಸಮಯವನ್ನು ಮಾತ್ರ ಏಳೂವರೆ ಎಂದು ತಿದ್ದಿ. ದೊಡ್ಡವ್ವನಿಗೆ ಓದಲು ಬರುವುದಿಲ್ಲ. ಐದೂವರೆಯಾಗುವುದನ್ನು ಅವಳು ಕಿಟಕಿಯ ಬೆಳಕಿನಲ್ಲೇ ಗುರುತಿಸುತ್ತಾಳೆ. ಉಳಿದ ದಾರವನ್ನು ಉಂಡೆಗೆ ಸುತ್ತಿ, "ಸಾಕು ಏಳ್ರೆವ್ವಾ, ದೀಪಾ ಹಚ್ಚೂ ಹೊತ್ತಾತು" ಎನ್ನುತ್ತಾಳೆ. ನಾವು ಏಳುತ್ತೇವೆ.